ಕೊರಳಿನ ಟೇಪು

ಬಿಳಿ ಬಟ್ಟೆಯ ಮೇಲೆ ಕಪ್ಪು ಗೆರೆ, ದಾರ ಬದಲಾಯಿಸಿಲ್ಲವಲ್ಲ ನಾನು, ಮಿಷನ್ ನಿಲ್ಲಿಸಿ ಬಗ್ಗಿ ನೋಡಿದರೆ ದಾರವಲ್ಲ, ಕೂದಲು, ನನ್ನದೇ, ಹೊಲಿಗೆಯೊಳಗೆ ಸಿಕ್ಕಿಕೊಂಡಿದೆ, ಬೆಳಗಿನಿಂದ ಇದು ಎಷ್ಟನೆಯದು — ಮೆಲ್ಲಗೆ ಎಳೆದರೆ ಬುಡದ ಬಿಳಿ ಚುಕ್ಕೆಯ ಸಮೇತ ಬಂತು, ಇರಲಿ, ಇದೂ ಪೊಟ್ಟಣಕ್ಕೆ, ನಾಲ್ಕು ಗಂಟೆಗೆ ಡಾಕ್ಟರ ಮೇಜಿನ ಮೇಲೆ ಬಿಚ್ಚಿಡುತ್ತೇನೆ, ಇದನ್ನೂ ಸುಳ್ಳು ಅನ್ನಲಿ ನೋಡೋಣ. ಹೋದ ಸಲ ಅವರು ಕಾಗದದಿಂದ ತಲೆ ಎತ್ತಲೇ ಇಲ್ಲ, ರಿಪೋರ್ಟ್ ಸರಿಯಾಗೇ ಇದೆಯಮ್ಮ, ಥೈರಾಯ್ಡ್ ಕಂಟ್ರೋಲಿಗೆ ಬಂದಿದೆ, ಅದೇ ಮಾತ್ರೆ ಮುಂದುವರಿಸಿ, ಸ್ವಲ್ಪ ನಡೀರಿ — ನಡೆಯುವುದೆಲ್ಲಿ, ಮೆಟ್ಟಿಲು ಹತ್ತಿದರೆ ಮಂಡಿಯೊಳಗೆ ಮರಳು ತುಂಬಿದ ಹಾಗೆ, ಎಲ್ಲರೂ ಫ್ಯಾನಿನ ಕೆಳಗೆ ಕೂತಾಗ ನನಗೊಬ್ಬಳಿಗೆ ಸ್ವೆಟರ್. ಒಂದು ವರ್ಷದಿಂದ ಬರೀ ಹೊಟ್ಟೆಯಲ್ಲಿ ಮಾತ್ರೆ, ಒಂದು ದಿನವೂ ತಪ್ಪಿಸಿಲ್ಲ, ಹಾಗಾದರೆ ಮಾತ್ರೆಯೇ ಸರಿಯಿಲ್ಲವೋ, ಔಷಧಿ ಅಂಗಡಿಯವನು ಡಬ್ಬಿ ಕೊಡುವಾಗ ಯಾಕೆ ಆ ಕಡೆ ನೋಡಿದ, ಅಥವಾ ಆ ರಕ್ತವೇ ನನ್ನದಲ್ಲವೋ, ಸಾಲಿನಲ್ಲಿ ಹಿಂದಿದ್ದವಳು ಕಳೆಕಳೆಯಾಗಿ ನಗುತ್ತಿದ್ದಳು, ಅವಳ ರಿಪೋರ್ಟೇ ನನಗೆ ಬಂದಿರಬೇಕು. ನಾದಿನಿ ಬೇರೆ, ಅತ್ತಿಗೆ, ಕೆಲಸ ತಪ್ಪಿಸೋಕೆ ಒಳ್ಳೇ ಕಾಯಿಲೆ ಹುಡುಕಿದ್ದೀರಿ, ನಂಗೂ ಒಂದು ಕೊಡಿಸಿ, ಎಲ್ಲರೂ ನಕ್ಕರು, ಇವರೂ — ನಕ್ಕಿದ್ದು ನನಗೆ ಕಾಣಲಿಲ್ಲ ಅಂದುಕೊಂಡಿದ್ದಾರೆ. ಬೆಳಿಗ್ಗೆ ಶೂ ಕಟ್ಟುತ್ತಾ, ಇವತ್ತೂ ಏನಿಲ್ಲ ಅಂದ್ರೆ ಇಲ್ಲಿಗೆ ನಿಲ್ಲಿಸೋಣ ಕಣೇ, ಆಮೇಲೆ ಸುಸ್ತು ಗಿಸ್ತು ಅನ್ನಬಾರದು ನೀನು. ನಿಲ್ಲಿಸಿದರೆ ಇದನ್ನು ಇನ್ನು ಯಾರ ಮುಂದೆ ಹೇಳಲಿ. ಮಗಳೊಬ್ಬಳೇ, ಜಡೆ ಹಾಕಿಸಿಕೊಳ್ಳುವಾಗ, ಅಮ್ಮಾ ಕೈನ ಫ್ರಿಜ್ಜಲ್ಲಿಟ್ಟಿದ್ಯಾ, ಎಂದು ನನ್ನ ಬೆರಳುಗಳನ್ನು ತನ್ನ ಕಂಕುಳಲ್ಲಿ ಅದುಮಿಕೊಂಡಳು, ಪುಟ್ಟ ಬಿಸಿ ಕಂಕುಳು — ಕಂಕುಳು, ಹೌದು, ಆ ಕಂಡಕ್ಟರಮ್ಮನ ಅಂಗಿ.

ಸೋಮವಾರ ಬಂದು ಈ ಬಾಗಿಲಲ್ಲೇ ನಿಂತಿದ್ದಳು, ಅಕ್ಕಾ, ನೀವು ಹೊಲಿದ ಅಂಗಿ ಕಂಕುಳಲ್ಲಿ ಹಿಡಿಯುತ್ತೆ, ಬಸ್ಸಲ್ಲಿ ಮೇಲಿನ ಕಂಬಿ ಹಿಡಿಯೋಕೇ ಆಗಲ್ಲ, ನೋಡಿ ಬೇಕಾದ್ರೆ, ಎಂದು ಕೈ ಎತ್ತಿ ತೋರಿಸಿದಳು. ನಾನು ಕೊರಳಿನ ಟೇಪು ತೆಗೆದು ತೋಳ ಬುಡ ಸುತ್ತಿದೆ, ಹದಿನಾರು, ಅಂಗಿ ಬಿಚ್ಚಿಸಿ ಮೇಜಿಗೆ ಅಂಟಿಸಿದ ಹೊಸ ಟೇಪಿನ ಮೇಲೆ ಹರಡಿದೆ, ಕಂಕುಳ ಸುತ್ತು ಹದಿನೇಳು, ಸಡಿಲಕ್ಕೆ ಒಂದಿಂಚು, ಎಲ್ಲ ನಿಯಮದಂತೆ. ಅಳತೆ ಸರಿಯಾಗೇ ಇದೆ ಕಣಮ್ಮ, ನೀನೇ ಊದಿದೀಯ, ಬಸ್ಸಲ್ಲಿ ಕೂತು ಕೂತು. ಕೂರೋದೆಲ್ಲಿ ಬಂತಕ್ಕ, ಬೆಳಗಿಂದ ನಿಂತೇ ಸಾಯ್ತೀನಿ, ಎಂದು ನಕ್ಕು, ಅದೇ ಅಂಗಿ ತೊಟ್ಟುಕೊಂಡು ಹೋದಳು, ಬಿಟ್ಟಿಯಾಗಿ ಇನ್ನೊಂದು ಹೊಲಿಸಿಕೊಳ್ಳುವ ಉಪಾಯ, ಅಂದುಕೊಂಡೆ ನಾನು. ಈ ಕೂದಲನ್ನೂ ಅಳೆದು ಬರೆದಿಡಬೇಕು, ಅಂಕಿ ಹೇಳಿದರೆ ಮಾತ್ರ ತಾನೇ ಆ ಡಾಕ್ಟರಿಗೆ ಕಿವಿ ಕೇಳಿಸುವುದು, ಕೊರಳಿನ ಟೇಪಲ್ಲಿ ಹದಿನಾರು, ಮೇಜಿನ ಟೇಪಲ್ಲೂ ಒಮ್ಮೆ ನೋಡಿಬಿಡೋಣ, ಯಾರನ್ನೂ ನಂಬದ ಚಟ ನನಗೀಗ — ಹದಿನಾರೂವರೆ. ಜಗ್ಗಿದೆನೇನೋ. ಮತ್ತೊಮ್ಮೆ, ಉಸಿರು ಬಿಗಿಹಿಡಿದು, ಹದಿನಾರೂವರೆ. ಕೂದಲು ಬಿಟ್ಟು ಟೇಪಿನ ಪಕ್ಕ ಟೇಪು ಮಲಗಿಸಿದೆ, ತುದಿಗೆ ತುದಿ ಸೇರಿಸಿ, ಹಳೆಯದರ ಹದಿನಾರು ಹೊಸದರ ಹದಿನಾರನ್ನು ದಾಟಿ ಅರ್ಧ ಇಂಚು ಆಚೆ ನಿಂತಿದೆ. ಹನ್ನೆರಡು ವರ್ಷ ನನ್ನ ಕೊರಳಲ್ಲೇ ನೇತಾಡಿ, ಬೆವರು ಕುಡಿದು, ಜಗ್ಗಿಸಿಕೊಂಡು ಜಗ್ಗಿಸಿಕೊಂಡು ಹಿಗ್ಗಿದೆ, ಅವಳ ಮೈ ಅಳೆದದ್ದು ಇದರಲ್ಲಿ, ಬಟ್ಟೆ ಕತ್ತರಿಸಿದ್ದು ಅದರಲ್ಲಿ, ಎರಡು ಅಂಕಿಯೂ ಚೆನ್ನಾಗಿ ಕೂಡಿ ಬಂದವು, ಮತ್ತೆ ಅವಳು — ಮೂರೂವರೆ ಆಯಿತು, ಹೊರಡಬೇಕು, ಪೊಟ್ಟಣ ಎಲ್ಲಿಟ್ಟೆ, ಡಾಕ್ಟರು ಮತ್ತೆ ಕಾಗದವನ್ನೇ ನೋಡುತ್ತಾರೆ, ನಾನೂ ಟೇಪನ್ನೇ ನೋಡಿದೆ, ನೋಡಿ ಬೇಕಾದ್ರೆ ಅಂದಳಲ್ಲ, ಎದುರಿಗೇ ಇತ್ತು ಆ ಕೈ, ಭುಜದ ಮಟ್ಟಕ್ಕೆ ಬಂದು, ಅದರಾಚೆ ಏರಲಾರದೆ ನಿಂತಿದ್ದ ಕೈ