ಕಡ್ಡಿಯ ಕುರ್ಚಿ

ನನ್ನ ಬಾಯಿ ಜೋರು ಎಂದು ಬೀದಿಗೆಲ್ಲ ಗೊತ್ತು. ನಾನೂ ಇಲ್ಲವೆನ್ನುವುದಿಲ್ಲ. ಬೇಕರಿ ನಡೆಸುವವಳು ಬಾಯಿ ಹೊಲಿದುಕೊಂಡು ಕೂತರೆ ನಿನ್ನೆಯ ಬನ್ನು ನಾಳಿದ್ದೂ ಕಪಾಟಿನಲ್ಲೇ ಇರುತ್ತದೆ. ಆದರೆ ನನ್ನ ತಮ್ಮ ಮತ್ತು ಕಡ್ಡಿ ಇಬ್ಬರೂ ಸೇರಿದರೆ ಅವರ ಮುಂದೆ ನಾನು ಏನೇನೂ ಅಲ್ಲ.

ನಮ್ಮಲ್ಲಿ ಹಿಟ್ಟು ನಾದುವುದು ಇವತ್ತಿಗೂ ಕೈಯಲ್ಲೇ. ಮರದ ತೊಟ್ಟಿಯ ಆಚೆ ಒಬ್ಬ, ಈಚೆ ಒಬ್ಬ. ಕೈ ಸೋಲದಿರಲೆಂದು ಒಬ್ಬ ಒಂದು ಸಾಲು ಕಟ್ಟಿ ಹೇಳಿ ಹಿಟ್ಟು ಗುದ್ದಬೇಕು, ಇನ್ನೊಬ್ಬ ಮುಂದಿನ ಸಾಲು ಕಟ್ಟಿ ಗುದ್ದಬೇಕು. ಅಪ್ಪನ ಕಾಲದಿಂದ ಬಂದ ರೂಢಿ. ತೊಟ್ಟಿಯ ಮೇಲೆ ಯಾರಿಗೂ ರಿಯಾಯಿತಿ ಇಲ್ಲ, ದೇವರಿಗೂ ಇಲ್ಲ, ಸಂಬಳ ಕೊಡುವ ನನಗೂ ಇಲ್ಲ. ನನ್ನ ಸೊಂಟದ ಮೇಲೆ ಕಟ್ಟಿದ ಪದಗಳನ್ನು ಇಲ್ಲಿ ಬರೆದರೆ ನನ್ನ ಮರ್ಯಾದೆ ಮೂರು ಕಾಸಿಗೆ ಹೋಗುತ್ತದೆ. ಒಂದೇ ಕಟ್ಟುಪಾಡು, ತೊಟ್ಟಿಯ ಮಾತು ತೊಟ್ಟಿಯಲ್ಲೇ ಉಳಿಯಬೇಕು. ಅದಕ್ಕೇ ಕಿಟಕಿಯ ಪಕ್ಕ ನಿಲ್ಲುವವನು ಮೊದಲು ಕಿಟಕಿ ಮುಚ್ಚಿ ಆಮೇಲೆ ಬಾಯಿ ತೆರೆಯುತ್ತಿದ್ದ. ಆ ಜಾಗ ಕಡ್ಡಿಯದು.

ಕಡ್ಡಿ ಎಂದರೆ ಪಕ್ಕದ ಅಂಗಡಿಯ ಟೈಲರಮ್ಮನ ಒಬ್ಬನೇ ಮಗ. ತಟ್ಟೆಗಟ್ಟಲೆ ಬೆಣ್ಣೆ ಬಿಸ್ಕತ್ತು ತಿಂದರೂ ಮೈಗೆ ಹತ್ತದ ಜೀವ. ನನ್ನ ತಮ್ಮನೂ ಅವನೂ ಒಂದೇ ಬೆಂಚಿನಲ್ಲಿ ಓದಿ, ಒಂದೇ ಬೆಂಚಿನಲ್ಲಿ ಫೇಲಾಗಿ, ಒಂದೇ ತೊಟ್ಟಿಗೆ ಬಂದು ನಿಂತವರು. ಹೋದ ಚಳಿಗಾಲದಲ್ಲಿ ಅವನ ಸೈಕಲ್ಲಿಗೆ ಲಾರಿ ಬಡಿಯಿತು. ಅದಕ್ಕಿಂತ ಹೆಚ್ಚು ಬರೆಯಲು ನನ್ನ ಕೈಲಾಗುವುದಿಲ್ಲ.

ಟೈಲರಮ್ಮನ ಮತದವರಲ್ಲಿ ಒಂದು ನಂಬಿಕೆ ಇದೆ. ಹೆತ್ತವರಿಗಿಂತ ಮೊದಲು ಸತ್ತ ಮಕ್ಕಳು ಮನೆ ಬಿಟ್ಟು ಹೋಗುವುದಿಲ್ಲ, ತಾವು ಕೂರುತ್ತಿದ್ದ ಕುರ್ಚಿಯಲ್ಲೇ ಬಂದು ಕೂರುತ್ತಾರೆ. ಹೆತ್ತವರು ಬದುಕಿರುವವರೆಗೂ ಅವರ ಮುಂದೆ ದಿನಾ ಏನಾದರೂ ತಿನ್ನಲು ಇಡಬೇಕು, ಮಾತಾಡಿಸಬೇಕು. ನಮಗೆ ಇದರಲ್ಲಿ ನಂಬಿಕೆ ಇಲ್ಲ. ನಮ್ಮಲ್ಲಿ ಸತ್ತವರು ಸತ್ತರು, ಮುಗಿಯಿತು. ಆದರೂ ದಿನಾ ಬಿಸಿ ಬನ್ನು ತೆಗೆದು, ಕಡ್ಡಿಯ ಕುರ್ಚಿಗೆಂದು ನಾನೇ ಟೈಲರಮ್ಮನ ಕೈಗಿಡುತ್ತಿದ್ದೆ. "ಏನಂದ ಇವತ್ತು?" ಎಂದು ಕೇಳುತ್ತಿದ್ದೆ. "ಉಪ್ಪು ಕಮ್ಮಿ ಅಂದ" ಎನ್ನುತ್ತಿದ್ದಳು. ಅವಳ ನಂಬಿಕೆ ಅವಳಿಗೆ, ನನ್ನ ಗಂಟೇನು ಹೋಗಬೇಕಿತ್ತು?

ಕಡ್ಡಿ ಹೋದ ಮೇಲೆ ತಮ್ಮ ಒಬ್ಬನೇ ನಾದುತ್ತಿದ್ದ. ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಒಂದು ಬೆಳಿಗ್ಗೆ ನಾನು ಒಲೆಗೆ ಸೌದೆ ಒಟ್ಟುತ್ತಿದ್ದಾಗ ಇದ್ದಕ್ಕಿದ್ದಂತೆ ಅವನ ದನಿ ಕೇಳಿಸಿತು. ಆಚೆಯವನ ಸಾಲು, ಈಚೆಯವನ ಸಾಲು, ಎರಡನ್ನೂ ತಾನೇ ಹೇಳುತ್ತಿದ್ದ:

ಸತ್ತೋನಿಗಿಟ್ಟ ಬನ್ನು ಇಲಿ ತಿಂತು,
ಇಲಿ ದಪ್ಪಾಗಿ ಕುರ್ಚಿ ಹತ್ತಿತು,
ಹಿರಿಯರು ಬಂದು ಕೈ ಮುಗಿದ್ರು,
ನಮ್ಮಮ್ಮ ಬಂದು ಕಿವಿ ಹಿಂಡಿದ್ಲು!

ಈ ಪದ ಕಟ್ಟಿದವನು ಕಡ್ಡಿಯೇ. ತನ್ನದೇ ಜನದ ಮೇಲೆ, ತನ್ನದೇ ಅಮ್ಮನ ಮೇಲೆ. ಇದನ್ನು ಹೇಳಿ ತಾನೇ ಬಿದ್ದು ಬಿದ್ದು ನಗುತ್ತಿದ್ದ. ತಮ್ಮ ಅವತ್ತು ಗೆಳೆಯನನ್ನು ನೆನೆಸಿಕೊಂಡು ಹಾಡುತ್ತಿದ್ದ, ಕಣ್ಣೀರು ಹಿಟ್ಟಿಗೇ ಬೀಳುತ್ತಿತ್ತು. ಸದ್ಯ, ಹುಡುಗ ಬಾಯಿಬಿಟ್ಟನಲ್ಲ ಎಂದು ನನ್ನ ಎದೆ ಹಗುರಾಯಿತು. ಕಿಟಕಿ ಮುಚ್ಚುವುದು ಅವನಿಗೆ ಹೊಳೆಯಲೇ ಇಲ್ಲ. ಆ ಕೆಲಸ ಅವನದಾಗಿದ್ದರೆ ತಾನೇ?

ಹೊರಗೆ ಟೈಲರಮ್ಮ ನಿಂತಿದ್ದಳು. ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಪ್ರಾರ್ಥನೆಗೆ ಹೊರಟಿದ್ದ ಅವಳ ಜನ ಅದನ್ನು ನೋಡಿದರು, ಒಳಗಿನ ಪದವನ್ನೂ ಕೇಳಿಸಿಕೊಂಡರು. ಮಗನನ್ನು ಕಳೆದುಕೊಂಡ ತಾಯಿ ಅಳುತ್ತಿದ್ದಾಳೆ, ಒಳಗೊಬ್ಬ ಸತ್ತವರ ಬನ್ನಿನ ಮೇಲೆ ಕುಚೋದ್ಯ ಮಾಡುತ್ತಿದ್ದಾನೆ. ಯಾರಿಗೆ ತಾನೇ ರಕ್ತ ಕುದಿಯುವುದಿಲ್ಲ? ಮಧ್ಯಾಹ್ನದೊಳಗೆ ನಮ್ಮ ಕಪಾಟಿನ ಗಾಜು ಪುಡಿಪುಡಿಯಾಗಿತ್ತು. ತಮ್ಮನ ಹಣೆಯಲ್ಲಿ ರಕ್ತ.

ಸಂಜೆ ಅವರ ಹಿರಿಯರು ಬಂದರು. ಗಡಿಯಾರ ರಿಪೇರಿ ಮಾಡುವವರು, ಮೆತ್ತಗಿನ ಮನುಷ್ಯ.

"ಮಾತಾಡೋ ಹಕ್ಕು ಎಲ್ಲರಿಗೂ ಇದೆ ತಾಯಿ. ಆದ್ರೆ ಹೆತ್ತ ಕರುಳಿನ ಗಾಯಕ್ಕೆ ಉಪ್ಪು ಸುರಿಯೋ ಹಕ್ಕು ಯಾರಿಗಿದೆ, ಹೇಳಿ?"

"ಮತ್ತೆ ನನ್ನ ಗಾಜು ಒಡೆಯೋ ಹಕ್ಕು ಯಾರು ಕೊಟ್ರು? ನನ್ನ ತಮ್ಮನ ತಲೆ ಒಡೆಯೋ ಹಕ್ಕು?"

"ಅದು ತಪ್ಪೇ. ಒಡೆದವರ ಕೈಲೇ ಹೊಸ ಗಾಜು ಹಾಕಿಸ್ತೀನಿ. ಆದ್ರೆ ಹುಡುಗರು ಸುಮ್ಮನಾಗಬೇಕಲ್ಲ. ನಾಳೆ ಸಂಜೆ ನಿಮ್ಮ ತಮ್ಮ ಆ ಕುರ್ಚಿ ಮುಂದೆ ನಿಂತು ತಪ್ಪಾಯ್ತು ಅನ್ನಲಿ. ಇಲ್ಲಾಂದ್ರೆ ಈ ಬೀದೀಲಿ ಅವನನ್ನ ಕಾಪಾಡೋದು ನನ್ನ ಕೈಲಾಗಲ್ಲ."

ಒಳ್ಳೆಯವರ ಜೊತೆ ಜಗಳ ಆಡುವುದು ಎಷ್ಟು ಕಷ್ಟ ಎಂದು ಅವತ್ತೇ ಗೊತ್ತಾಯಿತು. ಆ ಪದ ಯಾರದೆಂದು ಹೇಳಲು ನಾನು ಬಾಯಿ ತೆರೆದರೆ ತಮ್ಮ ಹಿಂದಿನಿಂದ ನನ್ನ ಸೆರಗು ಜಗ್ಗಿದ. ಅವರು ಹೋದದ್ದೇ ತಡ, ತಮ್ಮನ ಮೇಲೆ ಹರಿಹಾಯ್ದೆ.

"ಬಾಯಲ್ಲಿ ಕಡುಬು ತುರುಕ್ಕೊಂಡಿದ್ಯಾ? ಆ ಪದ ಕಡ್ಡೀದು ಅನ್ನೋಕೆ ಏನು ರೋಗ ನಿಂಗೆ?"

"ಹೇಳಿದ್ರೆ ಅವನ ಕುರ್ಚಿ ತೆಗೆಸ್ತಾರೆ ಅಕ್ಕ. ಆ ನಂಬಿಕೇನ ಹಂಗಿಸಿದೋರಿಗೆ ಕುರ್ಚಿ ಇಲ್ಲ, ಅವರಲ್ಲಿ ಹಾಗೇ."

"ತೆಗೆಸ್ಲಿ! ಸತ್ತೋನಿಗೆ ಕುರ್ಚಿ ಇದ್ರೇನು, ಬಿಟ್ರೇನು? ನೀನು ನಂಬ್ತೀಯಾ ಅದನ್ನ?"

"ನಾನು ನಂಬಲ್ಲ. ಅವನ ಅಮ್ಮ ನಂಬ್ತಾರೆ."

ಇವನ ಹತ್ತಿರ ಮಾತಾಡುವುದಕ್ಕಿಂತ ಗೋಡೆಗೆ ಹೇಳುವುದು ವಾಸಿ ಎಂದು ಮರುದಿನ ನೇರ ಟೈಲರಮ್ಮನ ಅಂಗಡಿಗೆ ನುಗ್ಗಿದೆ. ಅವಳು ಯಾರದೋ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು.

"ಕೇಳಿಲ್ಲಿ. ಆ ಪದ ಕಟ್ಟಿದ್ದು ನನ್ನ ತಮ್ಮ ಅಲ್ಲ, ನಿನ್ನ ಮಗ."

"ನಂಗೊತ್ತು," ಎಂದಳು. ಸೂಜಿ ನಿಲ್ಲಲಿಲ್ಲ. "ಮನೇಲೂ ಹೇಳ್ತಿದ್ದ, ನನ್ನನ್ನ ರೇಗಿಸೋಕೆ. ನಿನ್ನೆ ಕಿಟಕಿ ಹತ್ರ ಕೇಳಿದಾಗ ಅವನೇ ಬಂದ ಹಾಗಾಯ್ತು ಕಣೇ. ಅದಕ್ಕೇ ಅತ್ತಿದ್ದು. ಸಿಟ್ಟಿಗಲ್ಲ."

"ಅಯ್ಯೋ ಪುಣ್ಯಾತ್ಗಿತ್ತಿ! ಅದನ್ನ ಅವರ ಮುಂದೆ ಹೇಳಬಾರದಾ?"

"ಹೇಳಿದ್ರೆ ನನ್ನ ಮಗ ಎಲ್ಲಿ ಕೂರ್ತಾನೆ?"

ನಿನ್ನ ಮಗ ಎಲ್ಲೂ ಕೂರುವುದಿಲ್ಲ, ಮಣ್ಣಾಗಿದ್ದಾನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ನನ್ನ ಜನ್ಮದಲ್ಲಿ ನಾನು ನುಂಗಿದ ಮಾತುಗಳು ಕಡಿಮೆ, ಅವುಗಳಲ್ಲಿ ಇದೂ ಒಂದು.

"ನೀನು ಬೇಕಾದ್ರೆ ಹೇಳು," ಎಂದಳು ಅವಳು, ತಲೆ ಎತ್ತದೆ. "ನಿನ್ನ ತಮ್ಮ ನಿಂಗೆ ಹೆಚ್ಚು. ನಾನು ತಡೆಯಲ್ಲ, ಬೇಜಾರೂ ಮಾಡ್ಕೊಳಲ್ಲ."

ಬೈದಿದ್ದರೆ ಹೇಳಿಬಿಡುತ್ತಿದ್ದೆ. ಹಾಗಂದು ನನ್ನ ಕೈಕಾಲು ಕಟ್ಟಿಹಾಕಿದಳು.

ಸಂಜೆ ಅವಳ ಮನೆಯ ನಡುಕೋಣೆ ಜನರಿಂದ ತುಂಬಿತ್ತು. ಬೆತ್ತದ ಕುರ್ಚಿ, ಒಂದು ಕಾಲು ಗಿಡ್ಡ, ಅದರ ಕೆಳಗೆ ಮಡಚಿಟ್ಟ ರಟ್ಟು. ತಮ್ಮ ಹಣೆಗೆ ಪಟ್ಟಿ ಕಟ್ಟಿಕೊಂಡು ಅದರ ಮುಂದೆ ನಿಂತ.

"ತಪ್ಪಾಯ್ತು ಕಣೋ," ಎಂದ.

"ಸರಿಯಾಗಿ ಹೇಳಪ್ಪಾ, ಗೌರವದಿಂದ," ಎಂದರು ಹಿರಿಯರು.

ಚಡ್ಡಿ ಹಾಕುವ ಕಾಲದಿಂದ ಲೋ, ಬಾರೋ ಎಂದು ಕರೆದವನ ಮುಂದೆ ನನ್ನ ತಮ್ಮ ತಲೆ ತಗ್ಗಿಸಿದ. "ತಪ್ಪಾಯ್ತು. ಕ್ಷಮಿಸಿಬಿಡಿ." ಆ ಕಡ್ಡಿ ನಿಜವಾಗಿಯೂ ಅಲ್ಲಿ ಕೂತಿದ್ದರೆ ಎದ್ದು ಬಂದು ಇವನನ್ನು ತಬ್ಬಿಕೊಂಡು ಗೋಳೋ ಎಂದು ಅಳುತ್ತಿದ್ದ.

"ಆ ಪದ ಇನ್ನು ನಿಮ್ಮ ಮನೆಯ ಯಾರ ಬಾಯಲ್ಲೂ ಬರಬಾರದು. ಬಂದ್ರೆ ಇಲ್ಲಿ ಕೂತೋನು ಎದ್ದು ಹೋಗ್ತಾನೆ, ಮತ್ತೆ ಬರಲ್ಲ. ಇಬ್ಬರೂ ಕುರ್ಚಿ ಮುಟ್ಟಿ ಆಣೆ ಮಾಡಿ."

ತಮ್ಮ ಮುಟ್ಟಿದ. ನಾನೂ ಮುಟ್ಟಿದೆ. ಹಿರಿಯರು ತಮ್ಮನ ಬೆನ್ನು ಸವರಿ, "ದೊಡ್ಡ ಮನಸ್ಸು ಮಾಡಿದೆ ಮಗಾ," ಎಂದು ಹೊರಟರು. ಒಬ್ಬೊಬ್ಬರಾಗಿ ಎಲ್ಲರೂ ಹೊರಟರು.

ಟೈಲರಮ್ಮ ಬಾಗಿಲು ಹಾಕಿ ಬಂದು ತಮ್ಮನ ಎರಡೂ ಕೈ ಹಿಡಿದುಕೊಂಡಳು. ಉಪಕಾರ ಸ್ಮರಣೆಯ ಮಾತು ಏನಾದರೂ ಹೇಳುತ್ತಾಳೆ ಎಂದುಕೊಂಡೆ.

"ಹಿರಿಯರು ಕೈ ಮುಗಿದ್ರು ಅನ್ನೋವರೆಗೆ ನಂಗೆ ಬರುತ್ತೆ," ಎಂದು ಪಿಸುಗುಟ್ಟಿದಳು. "ಅಷ್ಟರಲ್ಲಿ ಪ್ರತಿಸಲ ಅವನ ಬಾಯಿಗೆ ಕೈ ಅಡ್ಡ ಇಟ್ಟುಬಿಡ್ತಿದ್ದೆ, ಪಾಪ ಬರುತ್ತೆ ಅಂತ. ಮುಂದಿನದು ಕೇಳಿಲ್ಲ. ನಿನ್ನೆ ಕೇಳೋಣ ಅಂತಲೇ ನಿಂತಿದ್ದೆ, ಅಷ್ಟರಲ್ಲಿ ಜನ ಬಂದು ಏನಾಯ್ತು ಏನಾಯ್ತು ಅಂತ ಮುತ್ತಿಕೊಂಡ್ರು. ಒಂದೇ ಒಂದು ಸಲ ಹೇಳಪ್ಪ. ಮೆಲ್ಲಗೆ."

ತಮ್ಮ ಕುರ್ಚಿಯ ಕಡೆ ನೋಡಿದ. "ಮುಟ್ಟಿ ಆಣೆ ಮಾಡಿದ್ದೀನಿ ಅಮ್ಮಾ."

"ಆಣೆಗಿಷ್ಟು ಬೆಂಕಿ ಹಾಕ! ನಾನು ಹೇಳ್ತೀನಿ," ಎಂದು ನಾನು ಬಾಯಿ ತೆರೆದೆ. ತಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡ.

"ಬೇಡ ಅಕ್ಕ. ಅಮ್ಮ ಈಗ ಕೇಳಿ ನಗ್ತಾರೆ. ನಾಳೆ ಬೆಳಿಗ್ಗೆ ಎದ್ದು ನೋಡಿದ್ರೆ ಅವರಿಗೆ ಕುರ್ಚಿ ಖಾಲಿ ಕಾಣುತ್ತೆ."

ಟೈಲರಮ್ಮ ಒಪ್ಪಿದವಳಂತೆ ತಲೆಯಾಡಿಸಿದಳು. ಆದರೂ ಅವನ ಕೈ ಬಿಡಲಿಲ್ಲ.

"ಆ ಸಾಲಿಗೆ ಬಂದಾಗೆಲ್ಲ ನನ್ನ ಮುಖ ನೋಡಿ ನಗ್ತಿದ್ದ. ಅದ್ರಲ್ಲಿ ನಾನಿದ್ದೆನಾ? ಅಷ್ಟಾದ್ರೂ ಹೇಳಬಹುದಲ್ಲ?"

"ಇದ್ರಿ ಅಮ್ಮಾ."

"ಏನ್ ಮಾಡ್ತೀನಿ ನಾನು ಅದ್ರಲ್ಲಿ?"

ತಮ್ಮ ಮತ್ತೆ ಕುರ್ಚಿಯ ಕಡೆ ನೋಡಿದ. ಅವಳು ಅವನ ಬಾಯನ್ನೇ ನೋಡುತ್ತಾ ನಿಂತಿದ್ದಳು.