ಮಹಡಿ ಮೇಲಿನ ಕೂಗು

ಸಿನಿಮಾಗಳಿಗೆ ದನಿ ಕೊಟ್ಟು ಬದುಕುತ್ತಿದ್ದ ಅವನಿಗೆ ಯುದ್ಧದ ವಿಡಿಯೊ ಗೇಮೊಂದರಲ್ಲಿ ಕೆಲಸ ಸಿಕ್ಕಿತು. ವಿಮಾನ ಸಮೇತ ಶತ್ರುವಿನ ಹಡಗಿಗೆ ಅಪ್ಪಳಿಸಿ ಸಾಯುವ ಪೈಲಟ್‌ನ ಕೊನೆಯ ಕೂಗು ಅವನದಾಗಬೇಕಿತ್ತು. ಗಾಜಿನಾಚೆ ಕೂತ ನಿರ್ದೇಶಕನಿಗೆ ಯಾವ ಕೂಗೂ ಹಿಡಿಸಲಿಲ್ಲ.

"ಸಾಯೋಕೆ ಹೋಗ್ತಿರೋದು, ಬಸ್ ನಿಲ್ಸೋಕಲ್ಲ! ಮನೇಲಿ ಅಭ್ಯಾಸ ಮಾಡ್ಕೊಂಡು ಬಾ."

ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಕೂಗಿದ. ಹೊರಬಂದರೆ, ಅವನನ್ನು ಸಾಕಿ ಬೆಳೆಸಿದ ಅಜ್ಜಿ ಗೋಡೆ ಹಿಡಿದು ನಿಂತಿದ್ದಳು. ಮುಖ ಬಿಳಿಚಿತ್ತು.

"ಅಣ್ಣ ಬಂದಿದ್ನಾ?"

ಹಿಂದೆ ನಿಜವಾದ ಯುದ್ಧದಲ್ಲಿ ಅವಳ ಅಣ್ಣ ಸತ್ತದ್ದೂ ಹಾಗೆಯೇ, ವಿಮಾನ ಸಮೇತ ಹಡಗಿಗೆ ಅಪ್ಪಳಿಸಿ. ಮೀಸೆ ಚಿಗುರುವ ಮೊದಲೇ, ಹೋಗುವುದಕ್ಕಷ್ಟೇ ಸಾಲುವ ಇಂಧನ ತುಂಬಿ ಕಳಿಸಿದ್ದರಂತೆ. ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ.

ಮರುದಿನ ಮೈಕಿನ ಮುಂದೆ ಅಜ್ಜಿಯ ಆ ಮುಖವನ್ನೇ ನೆನೆದು "ಅಮ್ಮಾ, ಹೊರಟೆ!" ಎಂದು ಕೂಗಿದ. ನಿರ್ದೇಶಕ ಎದ್ದು ಚಪ್ಪಾಳೆ ತಟ್ಟಿದ.

ಗೇಮ್ ಮನೆಮಾತಾಯಿತು. ಮೇಲಿನ ಮನೆಯ ಬ್ಯಾಂಕ್ ನೌಕರನೂ ಕೊಂಡ. ಸಂಜೆ ಆ ನೌಕರ ಮನೆ ಸೇರಿದ್ದೇ ತಡ, ಛಾವಣಿಯಿಂದ ವಿಮಾನದ ಮೊರೆತ, "ಅಮ್ಮಾ, ಹೊರಟೆ!", ಸ್ಫೋಟ. ಗುಂಡಿ ಒತ್ತಿದರೆ ಪೈಲಟ್‌ಗೆ ಮರುಜೀವ. ಮತ್ತೆ ಅದೇ ಕೂಗು.

ಅಜ್ಜಿ ತಟ್ಟೆ ಮುಟ್ಟದೆ ಮೇಲೆ ನೋಡುತ್ತಿದ್ದಳು. "ಒಂದ್ಸಲ ಸತ್ತಿದ್ದು ಸಾಲ್ದಾ ಅವನಿಗೆ? ಯಾರು ಹಿಂಗೆ ದಿನಾ ಕಳಿಸ್ತಿರೋದು?"

ಮೊಮ್ಮಗ ಮೇಲೆ ಹೋಗಿ ಬಾಗಿಲು ತಟ್ಟಿದ. "ಸೌಂಡ್ ಸ್ವಲ್ಪ ಕಮ್ಮಿ ಮಾಡ್ತೀರಾ? ನಮ್ಮಜ್ಜಿಗೆ ತಡ್ಕೊಳಕ್ಕಾಗ್ತಿಲ್ಲ."

"ಅರೆ, ಗೇಮ್‌ನಲ್ಲಿರೋ ಪೈಲಟ್ ದನಿ ನಿಮ್ದೇನಾ? ಒಂದ್ಸಲ ಕೂಗಿ ಸರ್, ಪ್ಲೀಸ್!" ಬ್ಯಾಂಕಿನವನು ಆಗಲೇ ಮೊಬೈಲ್ ಎತ್ತಿ ಹಿಡಿದಿದ್ದ.

ಇವನು ಬಾಯಿ ತೆರೆದ. ಕೂಗದೆ ಇಳಿದು ಬಂದ.

ಬ್ಯಾಂಕಿನವನು ಒಳ್ಳೆಯವನೇ. ಮರುದಿನದಿಂದ ಹೆಡ್‌ಫೋನ್ ಹಾಕಿಕೊಂಡು ಆಡತೊಡಗಿದ. ಛಾವಣಿ ತಣ್ಣಗಾಯಿತು. ಅಜ್ಜಿ ಮಾತ್ರ ಇನ್ನಷ್ಟು ಚಡಪಡಿಸಿದಳು.

"ಕೂಗಿಲ್ಲ ಅಂದ್ರೆ ಅವನು ಇನ್ನೂ ಹೊರಟಿಲ್ಲ. ಇಲ್ಲೇ ಎಲ್ಲೋ ಇದಾನೆ," ಎಂದು ಕೋಣೆ ಕೋಣೆ ಹುಡುಕಿದಳು. ಕೊನೆಗೆ ಅವಳ ಕಣ್ಣು ಮೊಮ್ಮಗನ ಮೇಲೆ ನಿಂತಿತು.

ಗೇಮ್‌ನ ಎರಡನೇ ಭಾಗಕ್ಕೆ ಕರೆ ಬಂದ ಬೆಳಿಗ್ಗೆ ಅವನು ಬೂಟು ಹಾಕಿಕೊಂಡು ಎದ್ದರೆ ಬಾಗಿಲಿಗೆ ಬೀಗ ಬಿದ್ದಿತ್ತು. ಬೀಗದಕೈ ಅಜ್ಜಿಯ ಮುಷ್ಟಿಯಲ್ಲಿ.

"ಹೋಗ್ಬೇಡ ಅಣ್ಣ. ಅಮ್ಮಂಗೆ ನಾನು ಹೇಳ್ತೀನಿ."

ಜೇಬಿನಲ್ಲಿ ನಿರ್ದೇಶಕನ ಕರೆ ಬಡಿದುಕೊಳ್ಳುತ್ತಿತ್ತು. ಅವನು ಎತ್ತಲಿಲ್ಲ. ಕೂತು ಬೂಟು ಕಳಚಿದ.

"ಹೋಗಲ್ಲ, ಆಯ್ತಾ?"

ಅಜ್ಜಿಯ ಮುಷ್ಟಿ ಸಡಿಲಲಿಲ್ಲ.

"ಅವತ್ತೂ ನೀನು ಹಂಗೇ ಅಂದಿದ್ದೆ," ಎಂದಳು.