ಭಾವನ ಹಿಂದಿನ ಗಾಲಿ

ಮೂರು ವರ್ಷ ಗೋಡೆಗೊರಗಿ ನಿಂತಿದ್ದ ಭಾವನ ಸೈಕಲ್ಲನ್ನು ಅಕ್ಕ ತಳ್ಳಿಕೊಂಡೇ ನನ್ನ ಅಂಗಡಿಗೆ ತಂದಳು. ಎರಡೂ ಟೈರುಗಳಲ್ಲಿ ಗಾಳಿಯ ಸುಳಿವೇ ಇರಲಿಲ್ಲ.

"ಸರಿ ಮಾಡ್ಕೊಡು. ಇನ್ಮೇಲೆ ನಾನೇ ಓಡಿಸ್ತೀನಿ."

"ಅರವತ್ತಾಯ್ತು ಕಣಕ್ಕಾ ನಿಂಗೆ."

"ಸೈಕಲ್ಲಿಗೇನು ಅದು ಗೊತ್ತಾ?"

ಭಾವ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದರು. ಭಾನುವಾರ ಬಂತೆಂದರೆ ನನ್ನ ಜೊತೆ ಸೈಕಲ್ ತುಳಿಯಲೇಬೇಕು. ಟ್ಯೂಬ್‌ಲೆಸ್ ಟೈರಿನ ಹುಚ್ಚು ಹಿಡಿಸಿದವನು ನಾನೇ. "ಟ್ಯೂಬೇ ಇಲ್ದೆ ಗಾಳಿ ಹೆಂಗಯ್ಯಾ ನಿಲ್ಲತ್ತೆ? ಗಾಳಿಗೋಪುರ ಅಂದ್ರೆ ಇದೇ ಇರ್ಬೇಕು," ಎಂದು ಮೊದಲು ನಕ್ಕಿದ್ದರು. ಆಮೇಲೆ ನಾಲ್ಕು ತಿಂಗಳಿಗೊಮ್ಮೆ ತಪ್ಪದೆ ಬಂದು "ಹಾಲು ಹಾಕಯ್ಯಾ" ಅನ್ನುತ್ತಿದ್ದರು. ಟೈರಿನೊಳಗೆ ಬಿಡುವ ಬಿಳಿ ದ್ರವಕ್ಕೆ ಅವರಿಟ್ಟ ಹೆಸರು ಅದು. ಸಣ್ಣ ತೂತು ಬಿದ್ದರೆ ಅದು ಅಲ್ಲಿಗೇ ಹರಿದು, ಹೆಪ್ಪುಗಟ್ಟಿ ಮುಚ್ಚಿಬಿಡುತ್ತದೆ.

ಹಿಂದಿನ ಟೈರು ಬಿಚ್ಚಿದೆ. ಹಾಲೆಲ್ಲ ಒಣಗಿ ಸಿಪ್ಪೆಯ ಹಾಗೆ ಒಳಮೈಗೆ ಅಂಟಿತ್ತು. ಸುಲಿಯುತ್ತಾ ಹೋದಂತೆ ಬೆರಳಿಗೊಂದು ಗಂಟು ಸಿಕ್ಕಿತು. ಬಿಡಿಸಿದರೆ ಒಳಗೆ ಮುರಿದ ಮೊಳೆಯ ತುದಿ.

ಅಕ್ಕ ಅದನ್ನು ಅಂಗೈಗೆ ಹಾಕಿಕೊಂಡಳು. "ಇದು ಯಾವಾಗಿಂದು?"

"ಅವರು ಕೊನೇ ಸಲ ಸೈಕಲ್ ತುಳಿದಾಗಿಂದೇ ಇರ್ಬೇಕು. ಹಿಂದಿನ ದಿನಾನೇ ಬಿಚ್ಚಿ, ತೊಳೆದು ಹಾಕಿದ್ದೆ. ಆಗ ಇರ್ಲಿಲ್ಲ."

ಅಕ್ಕ ಮೊಳೆಯನ್ನು ಬೆರಳಿನಿಂದ ಹೊರಳಿಸಿ ನೋಡಿದಳು. "ಅವತ್ತು ಮನೆಗೆ ಬಂದು, ಗಾಲಿ ಹೂವಿನ ಹಾಗೆ ಓಡ್ತು ಕಣೇ ಅಂದಿದ್ರು. ಮೊಳೆ ಚುಚ್ಚಿಸ್ಕೊಂಡೇ ಬಂದಿದಾರೆ, ಪಾಪ, ಗೊತ್ತೇ ಆಗಿಲ್ಲ." ಅವಳಿಗೆ ನಗು ಬಂತು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ತಲೆ ತಗ್ಗಿಸಿ ರಿಮ್ ಉಜ್ಜತೊಡಗಿದೆ.

ಹಳೇ ಟೈರೇ ಇರಲಿ ಎಂದು ಹಟ ಹಿಡಿದಳು. ಬಿರುಕುಬಿಟ್ಟ ರಬ್ಬರನ್ನು ಬಗ್ಗಿಸಿ ತೋರಿಸಿದ ಮೇಲೆ ಒಪ್ಪಿದಳು. ಹೊಸ ಟೈರಿನ ಅಂಚಿಗೆ ಸೋಪಿನ ನೀರು ಸವರಿ, ಒಂದೇ ಸಲಕ್ಕೆ ಜೋರಾಗಿ ಗಾಳಿ ಬಿಟ್ಟೆ. ಟಪ್, ಟಪ್ ಎಂದು ಅಂಚು ರಿಮ್ಮಿಗೆ ಕಚ್ಚಿಕೊಂಡಿತು. ಅಕ್ಕ ಬೆಚ್ಚಿಬಿದ್ದು ನನ್ನ ತೋಳಿಗೆ ಏಟು ಕೊಟ್ಟಳು.

ಹಾಲು ಮಾತ್ರ ತಾನೇ ಹಾಕುತ್ತೇನೆಂದಳು. ಗಾಳಿ ಇಳಿಸಿ, ವಾಲ್ವಿನ ಪಿನ್ನು ತೆಗೆದುಕೊಟ್ಟೆ. ಸಿರಿಂಜಿನಲ್ಲಿ ನಿಧಾನವಾಗಿ, ಒಂದು ಹನಿಯೂ ಚೆಲ್ಲದ ಹಾಗೆ ಹಾಕಿದಳು. ಮತ್ತೆ ಗಾಳಿ ತುಂಬಿ, ಹಾಲು ಎಲ್ಲ ಕಡೆ ಹರಡಲೆಂದು ಗಾಲಿ ತಿರುಗಿಸಿದೆ. ಮುಂದಿನ ಗಾಲಿಗೂ ಹೀಗೇ ಮಾಡಿದೆವು.

ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಬಂದು ಬೆಲ್ ಬಾರಿಸಿದಳು. ಭಾವ ಹೋದಮೇಲೆ ನಾನೂ ದೂರ ಹೋಗಿರಲಿಲ್ಲ. ನನ್ನ ಸೈಕಲ್ಲಿನ ಧೂಳು ಝಾಡಿಸಿ ಹೊರಟೆ. ನದಿಯ ಸೇತುವೆವರೆಗೂ ಅವಳು ಒಂದೇ ಹದದಲ್ಲಿ ತುಳಿದಳು.

"ನೀವಿಬ್ರೂ ನಿಲ್ತಿದ್ದಿದ್ದು ಇಲ್ಲೇನಾ?"

"ಹೂಂ."

"ಏನ್ ಮಾಡ್ತಿದ್ರಿ?"

"ಏನಿಲ್ಲ. ನೀರು ಕುಡ್ಕೊಂಡು, ನದಿ ನೋಡ್ತಾ ನಿಂತಿರ್ತಿದ್ವಿ."

ಅವಳು ಸೈಕಲ್ಲನ್ನು ಕಂಬಿಗೆ ಒರಗಿಸಿದಳು. ನಾವೂ ಹಾಗೇ ನಿಂತೆವು.